ಜೀಪಿನ ಹಿಂಬಾಗಿಲಿಗೆ ಮಡಿಸುವ ಅಡುಗೆ ಹಲಗೆ: ಬಿನ್ನಿಪೇಟೆಯ ಸಣ್ಣ ಶೆಡ್ಡುಗಳಿಗೆ ಒಂದು ತಯಾರಿಕಾ ಪಾಠ

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹಾಯುವ ವಾಹನವು ಬಹುಕಾಲ ಸೇನೆ, ಅರಣ್ಯ ಇಲಾಖೆ ಮತ್ತು ಮಲೆನಾಡಿನ ಕಾಫಿ ತೋಟಗಳ ಸಾಧನವಾಗಿತ್ತು. 2020ರಲ್ಲಿ ಮಹೀಂದ್ರ ಥಾರ್‌ನ ಹೊಸ ಮಾದರಿ, 2021ರಲ್ಲಿ ಫೋರ್ಸ್ ಗೂರ್ಖಾದ ಹೊಸ ರೂಪ, 2023ರಲ್ಲಿ ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿ, 2024ರಲ್ಲಿ ಥಾರ್ ರಾಕ್ಸ್ ಒಂದರ ಹಿಂದೊಂದು ಮಾರುಕಟ್ಟೆಗೆ ಬಂದ ಮೇಲೆ ಅದು ನಗರವಾಸಿ ಕುಟುಂಬಗಳ ವಾಹನವೂ ಆಗಿದೆ. ಶನಿವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಡೆಗೆ ಹೊರಡುವವರಲ್ಲಿ ದಾರಿಯಲ್ಲಿ ತಾವೇ ಕಾಫಿ ಕಾಯಿಸಿ, ಉಪ್ಪಿಟ್ಟು ಮಾಡಿಕೊಳ್ಳಬಯಸುವವರೂ ಇದ್ದಾರೆ. ಇಂಥವರಿಗಾಗಿ ಹುಟ್ಟಿಕೊಂಡ ಪರಿಕರಗಳಲ್ಲಿ ಹಿಂಬಾಗಿಲಿನ ಒಳಮೈಗೆ ಒರಗಿಕೊಂಡಿದ್ದು, ಬೇಕೆಂದಾಗ ಕೆಳಕ್ಕೆ ಬಿಡಿಸಿ ಮೇಜಿನಂತೆ ಬಳಸುವ ಹಲಗೆಯೂ ಒಂದು. ಅದು ತಗಡಿನದಾದರೂ ಪ್ಲೈವುಡ್ಡಿನದಾದರೂ ಈ ಲೇಖನದಲ್ಲಿ ಹಲಗೆ ಎಂದೇ ಕರೆಯಲಾಗಿದೆ.

ನೋಡುವುದಕ್ಕೆ ಇದು ಒಂದು ತಗಡು, ಒಂದು ಕೀಲು, ಎರಡು ಸರಪಳಿ. ಶೀಟ್ ಮೆಟಲ್ ಕೆಲಸ ಬಲ್ಲ ಯಾವ ಶೆಡ್ಡಿನಲ್ಲಿಯೂ ಒಂದೇ ದಿನದಲ್ಲಿ ಮಾದರಿ ತಯಾರಾದೀತು. ಆದರೆ ಆ ಹಲಗೆಯ ಮೇಲೆ ಕುದಿಯುವ ನೀರಿನ ಪಾತ್ರೆ ಇರುತ್ತದೆ, ಅದರ ಮುಂದೆ ಮಕ್ಕಳು ನಿಂತಿರುತ್ತಾರೆ. ಆದ್ದರಿಂದ ಹಲಗೆಯನ್ನು ಹೇಗೆ ಮಾಡುವುದು ಎಂಬುದಕ್ಕಿಂತ ಅದನ್ನು ಬಾಗಿಲಿಗೆ ಹೇಗೆ ಹಿಡಿಸುವುದು ಎಂಬುದೇ ತಯಾರಕನು ಮೊದಲು ಬಿಡಿಸಬೇಕಾದ ಪ್ರಶ್ನೆಯಾಗಿದೆ.

ಹಳೆಯ ಕಸುಬು, ಹೊಸ ಬಾಗಿಲು

ಗಾಡಿಯ ಹಿಂಬದಿಯನ್ನು ಅಡುಗೆಗೆ ಬಳಸುವುದು ಹೊಸ ಕಲ್ಪನೆಯಲ್ಲ. 1866ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಳ ವ್ಯಾಪಾರಿ ಸೇನೆಯ ಹಳೆಯ ಬಂಡಿಯೊಂದರ ಹಿಂಭಾಗಕ್ಕೆ ಸಾಮಾನಿನ ಪೆಟ್ಟಿಗೆಯೊಂದನ್ನು ಕೂಡಿಸಿ, ಅದರ ಮುಚ್ಚಳವೇ ಕೆಳಕ್ಕೆ ಬಿದ್ದು ಅಡುಗೆಯವನ ಮೇಜಾಗುವಂತೆ ಮಾಡಿಸಿದನು. ತಿಂಗಳುಗಟ್ಟಲೆ ದನಗಳನ್ನು ಹೊಡೆದುಕೊಂಡು ಹೋಗುವ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗಬೇಕೆಂಬ ವ್ಯಾಪಾರದ ಲೆಕ್ಕವೇ ಅದರ ಹಿಂದಿತ್ತು.

ನಮ್ಮಲ್ಲಿ ಇದಕ್ಕೆ ಅತಿ ಸಮೀಪದ ಬಂಧುವೆಂದರೆ ರಸ್ತೆಬದಿಯ ಮೊಬೈಲ್ ಕ್ಯಾಂಟೀನು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಅದರ ಹಿಂಬದಿಗೆ ತಗಡಿನ ಗೂಡು ಕಟ್ಟಿ, ಪಕ್ಕದ ಬಾಗಿಲನ್ನೇ ಕೆಳಕ್ಕೆ ಇಳಿಸಿ ಇಡ್ಲಿ, ಚಿತ್ರಾನ್ನದ ತಟ್ಟೆ ಇಡುವ ಕಟ್ಟೆಯಾಗಿಸುವ ಕೆಲಸ ನಗರದ ಫ್ಯಾಬ್ರಿಕೇಷನ್ ಅಂಗಡಿಗಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಬಿನ್ನಿಪೇಟೆ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದ ಸುತ್ತಿನಲ್ಲಿ ಇಂಥ ಕೈಗಳಿಗೆ ಕೊರತೆಯಿಲ್ಲ. 1884ರಲ್ಲಿ ಸ್ಥಾಪನೆಯಾಗಿ, ಮುಂದೆ ಬಿನ್ನಿ ಕಂಪನಿಯ ನಿರ್ವಹಣೆಯಲ್ಲಿ ಬೆಳೆದು ಈ ಪೇಟೆಗೆ ಹೆಸರು ಕೊಟ್ಟ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ ಮುಚ್ಚಿಹೋಗಿದೆ. ಗಿರಣಿಯ ನೆಲದಲ್ಲಿ ಬಹುಮಹಡಿ ವಸತಿಗಳು ಎದ್ದಿವೆ. ಆದರೆ ಶಿಯರಿಂಗ್, ಬೆಂಡಿಂಗ್, ವೆಲ್ಡಿಂಗ್, ಪೌಡರ್ ಕೋಟಿಂಗ್ ಮಾಡಿಕೊಡುವ ಜಾಬ್‌ವರ್ಕ್ ಶೆಡ್ಡುಗಳು ಸುತ್ತಲಿನ ಬಡಾವಣೆಗಳಲ್ಲಿ ಇಂದಿಗೂ ಇವೆ. ವಾಹನ ಪರಿಕರಗಳ ಮಾರುಕಟ್ಟೆಯಾದ ಜೆ.ಸಿ. ರಸ್ತೆಯೂ ದೂರವಿಲ್ಲ. ಒಂದೇ ಯಂತ್ರವನ್ನೂ ಸ್ವಂತಕ್ಕೆ ಕೊಳ್ಳದೆ, ಜೋಡಣೆಯ ಮೇಜೊಂದನ್ನು ಮಾತ್ರ ಇಟ್ಟುಕೊಂಡು ಈ ವಸ್ತುವನ್ನು ತಯಾರಿಸಲು ಸಾಧ್ಯವಿರುವುದು ಈ ನೆರೆಹೊರೆಯ ಕಾರಣದಿಂದಲೇ.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಕ್ಯಾಂಟೀನ್ ಗಾಡಿಯಲ್ಲಿ ಸರಪಳಿಯ ಮೇಲ್ತುದಿಯನ್ನು ಗೂಡಿನ ಕಬ್ಬಿಣದ ಚೌಕಟ್ಟಿಗೆ ನೇರವಾಗಿ ವೆಲ್ಡ್ ಮಾಡಲಾಗುತ್ತದೆ. ಆ ಚೌಕಟ್ಟು ಎಷ್ಟು ಎಳೆದರೂ ಕದಲದು. ಜೀಪಿನ ಹಿಂಬಾಗಿಲಿನ ಒಳತಗಡಾದರೋ ಒಂದು ಮಿ.ಮೀ.ಗಿಂತಲೂ ತೆಳು. ಅದರೊಳಗೆ ಬೀಗದ ಸರಳು, ವೈಪರ್ ಮೋಟಾರು, ವಿದ್ಯುತ್ ತಂತಿಗಳು ಇರುತ್ತವೆ. ಅಲ್ಲಿ ವೆಲ್ಡಿಂಗಿನ ಮಾತೇ ಇಲ್ಲ. ತಾನೇ ಹಾದಿ ಕೊರೆದುಕೊಳ್ಳುವ ತಗಡಿನ ಸ್ಕ್ರೂ ಹೊಡೆದು ಸರಪಳಿ ನೇತುಹಾಕಿದರೆ ಅಂಗಡಿಯಲ್ಲಿ ನಿಂತೀತು. ಮಣ್ಣುರಸ್ತೆಯಲ್ಲಿ ನೂರು ಕಿಲೋಮೀಟರು ಕುಲುಕಿದ ಮೇಲೆ ನಿಲ್ಲುವುದೆಂಬ ನೆಚ್ಚಿಕೆಯಿಲ್ಲ.

ಭಾರದ ಲೆಕ್ಕ

ಉದಾಹರಣೆಗೆ 700 ಮಿ.ಮೀ. ಅಗಲ, 400 ಮಿ.ಮೀ. ಚಾಚು ಇರುವ ಹಲಗೆಯನ್ನು ತೆಗೆದುಕೊಳ್ಳೋಣ. ಒಂದು ಸಣ್ಣ ಒಲೆ, ಮೂರು ಲೀಟರ್ ನೀರು ತುಂಬಿದ ಪಾತ್ರೆ, ಎರಡು ಡಬ್ಬಿ ಸೇರಿದರೆ ಭಾರ 10 ಕಿ.ಗ್ರಾಂ. ಮೀರದು. ಆದರೆ ಹಲಗೆ ಕಂಡಲ್ಲಿ ಕೈಯೂರುವುದು ಮನುಷ್ಯಸ್ವಭಾವ. ಆದಕಾರಣ ಹೊರ ಅಂಚಿನಲ್ಲಿ 25 ಕಿ.ಗ್ರಾಂ. ಭಾರ ಬೀಳುವುದೆಂದು ಹಿಡಿದು ಲೆಕ್ಕ ಮಾಡುವುದು ಕ್ಷೇಮ. ಹಲಗೆಯ ಸ್ವಂತ ಭಾರ ಸುಮಾರು 2.5 ಕಿ.ಗ್ರಾಂ.; ಅದು ನಡುವೆ, ಅಂದರೆ ಕೀಲಿನಿಂದ 200 ಮಿ.ಮೀ. ದೂರದಲ್ಲಿ ಕೆಲಸಮಾಡುತ್ತದೆ.

ಶಾಲೆಯಲ್ಲಿ ಕಲಿತ ಮೀಟುಗೋಲಿನ ನಿಯಮ ಇಲ್ಲಿ ಸಾಕು. 25ನ್ನು 400ರಿಂದ ಗುಣಿಸಿದರೆ 10,000, 2.5ನ್ನು 200ರಿಂದ ಗುಣಿಸಿದರೆ 500; ಒಟ್ಟು 10,500. ಆಧಾರದ ಸರಪಳಿ ಅಥವಾ ತಂತಿಯನ್ನು ಕೀಲಿನಿಂದ 300 ಮಿ.ಮೀ. ಹೊರಗೆ ಹಲಗೆಗೆ ಕಟ್ಟಿದರೆ ಅದು ಮೇಲಕ್ಕೆ ಎತ್ತಿಹಿಡಿಯಬೇಕಾದ ಭಾರ 10,500 ಭಾಗಿಸು 300, ಅಂದರೆ 35 ಕಿ.ಗ್ರಾಂ. ಇಟ್ಟ ಭಾರಕ್ಕಿಂತ ಇದು ಹೆಚ್ಚು ಎಂಬುದನ್ನು ಗಮನಿಸಬೇಕು. ತಂತಿ ಕಟ್ಟಿದ ಜಾಗದಿಂದಾಚೆ ಭಾರ ಬಿದ್ದಾಗ ಹಲಗೆಯು ಏತದಂತೆ ವರ್ತಿಸಿ, ಒಳ ಅಂಚನ್ನು ಮೇಲಕ್ಕೆ ಎತ್ತಲು ನೋಡುತ್ತದೆ. 27.5 ಕಿ.ಗ್ರಾಂ. ಭಾರಕ್ಕೆ 35 ಕಿ.ಗ್ರಾಂ. ಎತ್ತುವಿಕೆ ಬಂದರೆ ಉಳಿದ 7.5 ಕಿ.ಗ್ರಾಂ. ಕೀಲನ್ನು ಮೇಲಕ್ಕೆ ಕೀಳುತ್ತದೆ. ಕೀಲಿನ ಸ್ಕ್ರೂಗಳು ಕೆಳಮುಖ ಭಾರವನ್ನು ಹೊತ್ತರೆ ಸಾಲದು, ಮೇಲ್ಮುಖ ಎಳೆತವನ್ನೂ ತಡೆಯಬೇಕು. ಪಿನ್ನನ್ನು ಮೇಲಿನಿಂದ ಇಳಿಬಿಡುವ, ಎತ್ತಿದರೆ ಕಳಚಿಬರುವ ಬಗೆಯ ಕೀಲುಗಳು ಈ ಕೆಲಸಕ್ಕೆ ಸಲ್ಲವು. ಉದ್ದಕ್ಕೂ ಒಂದೇ ಪಿನ್ ಇರುವ ಪಿಯಾನೊ ಕೀಲು ಉತ್ತಮ.

ಇನ್ನು ತಂತಿಯ ಓರೆ. ಮೇಲ್ತುದಿಯನ್ನು ಕೀಲಿನಿಂದ 300 ಮಿ.ಮೀ. ಎತ್ತರದಲ್ಲಿ ಹಿಡಿಸಿದರೆ ತಂತಿ 45 ಡಿಗ್ರಿ ಓರೆಯಲ್ಲಿರುತ್ತದೆ. ಆಗ ಅದರಲ್ಲಿನ ಎಳೆತ 35 ಭಾಗಿಸು 0.707, ಸುಮಾರು 49.5 ಕಿ.ಗ್ರಾಂ. ಎರಡು ತಂತಿಗಳಿದ್ದರೆ ಅರ್ಧರ್ಧ ಎನ್ನಬಹುದು. ಆದರೆ ಯಾರಾದರೂ ಒಂದು ಮೂಲೆಯಲ್ಲಿ ಕೈಯೂರಿದಾಗ ಬಹುಪಾಲು ಒಂದೇ ತಂತಿಯ ಮೇಲೆ ಬೀಳುವುದರಿಂದ ಪ್ರತಿಯೊಂದು ತಂತಿಯನ್ನೂ ಪೂರ್ತಿ ಎಳೆತಕ್ಕೇ ಆರಿಸಬೇಕು. ಥಾರ್‌ನಂತಹ ವಾಹನದಲ್ಲಿ ಗಾಜು ಬೇರೆಯಾಗಿ ಮೇಲಕ್ಕೆ ತೆರೆದುಕೊಳ್ಳುತ್ತದೆ. ಕೆಳಗಿನ ಬಾಗಿಲಿನ ಎತ್ತರ ಕಡಿಮೆ. ಅಲ್ಲಿ ಜಾಗ ಸಾಲದೆಂದು ಮೇಲ್ತುದಿಯನ್ನು 150 ಮಿ.ಮೀ.ಗೇ ಹಿಡಿಸಿದರೆ ಎಳೆತ 78 ಕಿ.ಗ್ರಾಂ.ಗೆ ಏರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾಗಿಲಿನ ತಗಡಿನಿಂದ ಬೋಲ್ಟನ್ನು ಹೊರಕ್ಕೆ ಕೀಳುವ ಅಡ್ಡ ಎಳೆತ 35ರಿಂದ 70 ಕಿ.ಗ್ರಾಂ.ಗೆ, ಅಂದರೆ ಸರಿಯಾಗಿ ಇಮ್ಮಡಿಗೆ ಹೋಗುತ್ತದೆ. ಹಲಗೆ ಅದೇ, ಭಾರವೂ ಅದೇ. ಒಂದು ತೂತನ್ನು ಒಂದು ಗೇಣಿನಷ್ಟು ಕೆಳಗೆ ಕೊರೆದುದರ ಫಲ ಇದು.

ಪರಿಹಾರ: ಕೀಲಿಗೂ ತಂತಿಗೂ ಒಂದೇ ಚೌಕಟ್ಟು

ಕೀಲನ್ನು ಬಾಗಿಲಿಗೆ ಪ್ರತ್ಯೇಕವಾಗಿಯೂ ತಂತಿಯನ್ನು ಬಾಗಿಲಿಗೆ ಪ್ರತ್ಯೇಕವಾಗಿಯೂ ಹಿಡಿಸುವುದನ್ನು ಬಿಟ್ಟು, ಎರಡನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಜೋಡಿಸಿ, ಆ ಚೌಕಟ್ಟನ್ನು ಬಾಗಿಲಿಗೆ ಬೋಲ್ಟ್ ಮಾಡುವುದೇ ಸರಿಯಾದ ಕ್ರಮ. ಆಗ ತಂತಿಯ ಎಳೆತವೂ ಕೀಲಿನ ಒತ್ತಡವೂ ಚೌಕಟ್ಟಿನೊಳಗೇ ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ಬಾಗಿಲಿಗೆ ತಲುಪುವುದು 10,500ರ ಮೂಲ ತಿರುಗಿಸುವಿಕೆ ಮಾತ್ರ. ಮೇಲಿನ ಬೋಲ್ಟ್ ಸಾಲಿಗೂ ಕೆಳಗಿನ ಸಾಲಿಗೂ 350 ಮಿ.ಮೀ. ಅಂತರವಿದ್ದರೆ ಮೇಲಿನ ಸಾಲಿನ ಎಳೆತ 30 ಕಿ.ಗ್ರಾಂ.; ಮೂರು ಬೋಲ್ಟುಗಳಿದ್ದರೆ ಸರಾಸರಿ ತಲಾ 10. ತಂತಿಯ ಓರೆ ಎಷ್ಟೇ ಇರಲಿ, ಈ ಅಂಕಿ ಬದಲಾಗದು. ಬಾಗಿಲಿನ ತಗಡು ಹೊರಬೇಕಾದುದನ್ನು ಹೀಗೆ ತಯಾರಕನೇ ನಿರ್ಧರಿಸಬಹುದು. ಕೂಡಿಸುವವನ ಕೈಚಳಕವನ್ನು ನಂಬಿ ಕೂರಬೇಕಾಗಿಲ್ಲ.

ಚೌಕಟ್ಟಿಗೆ ಅಗ್ಗವೆಂದು 40×3 ಮಿ.ಮೀ. ಪಟ್ಟಿಯನ್ನು ಬಳಸುವ ಆಸೆ ಹುಟ್ಟುವುದು ಸಹಜ. ಆದರೆ ಪಟ್ಟಿಯು ಚಪ್ಪಟೆ ದಿಕ್ಕಿನಲ್ಲಿ ಬಳುಕುತ್ತದೆ. 25×25 ಮಿ.ಮೀ. ಅಳತೆಯ, 16 ಗೇಜಿನ ಸ್ಕ್ವೇರ್ ಟ್ಯೂಬು ಅದೇ ದಿಕ್ಕಿನ ಬಾಗುವಿಕೆಯನ್ನು ತಡೆಯುವುದರಲ್ಲಿ ಪಟ್ಟಿಗಿಂತ ಹದಿನೆಂಟು ಪಟ್ಟು ಬಲವುಳ್ಳದ್ದು. ತೂಕದಲ್ಲಿ ಮೀಟರಿಗೆ 1.2 ಕಿ.ಗ್ರಾಂ. ಒಳಗೆ. ಸುತ್ತಳತೆ 2.2 ಮೀಟರಿನ ಚೌಕಟ್ಟಿಗೆ ಸುಮಾರು 2.6 ಕಿ.ಗ್ರಾಂ. ಆಗುತ್ತದೆ. ಪಟ್ಟಿಯಿಂದ ಉಳಿಯುವುದು ಅರ್ಧ ಕಿಲೋ ಕಬ್ಬಿಣ ಮಾತ್ರ. ಅದನ್ನು ಉಳಿಸಲು ಹೋಗುವುದು ಲಾಭದ ಮಾತಲ್ಲ.

ಬಾಗಿಲಿಗೆ ಹಿಡಿಸಲು ಎಂ-6 ಬೋಲ್ಟು ಸಾಕು. ಒಳತಗಡಿನ ಹಿಂದಕ್ಕೆ ಕೈ ತಲುಪುವ ಕಡೆ 3 ಮಿ.ಮೀ. ದಪ್ಪದ ಕೈಯಗಲ ಬಿಲ್ಲೆಯನ್ನು ಕೊಟ್ಟು ನಟ್ ಬಿಗಿಯಬೇಕು. ತಲುಪದ ಕಡೆ ಮಾತ್ರ ರಿವೆಟ್ ನಟ್. ಮೊದಲು ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದು, ಒಳಗಿನ ಸರಳು ತಂತಿಗಳ ಹಾದಿಯನ್ನು ರಟ್ಟಿನ ಮೇಲೆ ಗುರುತು ಹಾಕಿಕೊಂಡ ನಂತರವೇ ಡ್ರಿಲ್ ಹಿಡಿಯಬೇಕು. ಕೊರೆದ ತೂತಿನ ಅಂಚಿಗೆ ತುಕ್ಕು ತಡೆಯುವ ಪ್ರೈಮರ್ ಹಚ್ಚದಿದ್ದರೆ ಮಲೆನಾಡಿನ ಒಂದು ಮಳೆಗಾಲದಲ್ಲಿ ಬಾಗಿಲು ಕೆಂಪಗಾಗುತ್ತದೆ.

ಇನ್ನೊಂದು ಅಂಶವನ್ನು ಬಹಳ ಮಂದಿ ಮರೆಯುತ್ತಾರೆ. ಥಾರ್, ಜಿಮ್ನಿ, ಗೂರ್ಖಾ, ಬೊಲೆರೊ ಇವುಗಳ ಹಿಂಬಾಗಿಲು ಪಕ್ಕಕ್ಕೆ ತೆರೆಯುವಂಥದು. ಅದರ ಬೆನ್ನಿಗೆ ಸ್ಟೆಪ್ನಿ ಚಕ್ರದ ಭಾರವೂ ಇರುತ್ತದೆ. ವಾಹನ ಇಳಿಜಾರಿನಲ್ಲಿ ನಿಂತಾಗ ಈ ಬಾಗಿಲು ತಾನಾಗಿಯೇ ಬೀಸಿ ಮುಚ್ಚಿಕೊಳ್ಳಬಹುದು. ಹಲಗೆಯ ಮೇಲೆ ಸಾರು ಕುದಿಯುತ್ತಿರುವಾಗ ಹೀಗಾದರೆ ಏನಾದೀತೆಂದು ಹೇಳಬೇಕಾಗಿಲ್ಲ. ತೆರೆದ ಬಾಗಿಲನ್ನು ನಿಲ್ಲಿಸಿಡುವ ಪಿನ್ನು ಅಥವಾ ತಡೆಸರಳು ಇಲ್ಲದೆ ಈ ಹಲಗೆಯನ್ನು ಮಾರಲೇಬಾರದು; ಅದನ್ನು ಐಚ್ಛಿಕ ಸಾಮಗ್ರಿಯಾಗಿ ಬೇರೆ ಬೆಲೆಗೆ ಇಡುವುದೂ ಸಲ್ಲದು. ಮೇಲಕ್ಕೆ ತೆರೆಯುವ ಬಾಗಿಲಿನ ವಾಹನಗಳಿಗೆ ಈ ವಿನ್ಯಾಸ ಹೊಂದುವುದಿಲ್ಲ. ಅವುಗಳಿಗೆ ಡಿಕ್ಕಿಯ ನೆಲದಿಂದ ಹೊರಕ್ಕೆ ಜಾರುವ ಡ್ರಾಯರ್ ಬೇಕು, ಅದು ಬೇರೆಯೇ ಲೇಖನದ ವಿಷಯ.

ಹಾಳೆಯ ಆಯ್ಕೆ, ಹಾಳೆಯ ಲೆಕ್ಕ

ಯಾವ ವಸ್ತು ಹಗುರ ಎಂಬ ಚರ್ಚೆ ಈ ಅಳತೆಯಲ್ಲಿ ಅಷ್ಟು ದೊಡ್ಡದಲ್ಲ. ಅಂಚು ಮಡಿಸಿದ 2 ಮಿ.ಮೀ. ಅಲ್ಯೂಮಿನಿಯಂ ಹಲಗೆ ಸುಮಾರು 1.8 ಕಿ.ಗ್ರಾಂ., 12 ಮಿ.ಮೀ. ಪ್ಲೈವುಡ್ 2.2 ಕಿ.ಗ್ರಾಂ. ಆಸುಪಾಸು, 18 ಗೇಜಿನ ಕಬ್ಬಿಣ ಅಥವಾ ಸ್ಟೇನ್‌ಲೆಸ್ ಸ್ಟೀಲ್ 3.2 ಕಿ.ಗ್ರಾಂ. ಆದ್ದರಿಂದ ತೂಕಕ್ಕಿಂತ ಬಳಕೆಯನ್ನು ನೋಡಿ ಆರಿಸಬೇಕು. ಪ್ಲೈವುಡ್ ಸದ್ದು ಮಾಡದು, ತರಕಾರಿ ಹೆಚ್ಚಲೂ ಒದಗುತ್ತದೆ. ಆದರೆ ಒಲೆಯ ಕೆಳಗೆ ಕರಕಾಗುತ್ತದೆ, ಬಳಸಿದರೆ ಐ.ಎಸ್. 710 ಗುರುತಿನ ಮೆರೈನ್ ದರ್ಜೆಯದೇ ಆಗಬೇಕು. ಸ್ಟೇನ್‌ಲೆಸ್ ಸ್ಟೀಲ್ 304 ನಮ್ಮ ಗೃಹಿಣಿಯರಿಗೆ ಒಪ್ಪುವ, ತೊಳೆಯಲು ಸುಲಭವಾದ ವಸ್ತು. ಬಿಸಿಲಿಗೆ ಕಣ್ಣು ಕೋರೈಸುವುದೊಂದೇ ಕುಂದು. ಅಲ್ಯೂಮಿನಿಯಂ ಆದರೆ 5052 ಜಾತಿಯದನ್ನು ಕೇಳಿ ತರಬೇಕು. ಗಟ್ಟಿಯೆಂದು 6061-ಟಿ6 ತಂದರೆ ಬೆಂಡಿಂಗ್ ಯಂತ್ರದಲ್ಲಿ ಚೂಪಾದ ಮಡಿಕೆಯ ಬೆನ್ನು ಸೀಳುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಸೇರುವಲ್ಲಿ ನೈಲಾನ್ ವಾಷರ್ ಇಡದಿದ್ದರೆ ತೇವದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ.

ವ್ಯಾಪಾರದ ದೃಷ್ಟಿಯಿಂದ ನಿಜವಾದ ಉಳಿತಾಯ ಇರುವುದು ಕತ್ತರಿಸುವ ಕ್ರಮದಲ್ಲಿ. ನಾಲ್ಕೂ ಬದಿ ಅಂಚು ಮಡಿಸುವುದಕ್ಕಾಗಿ ಒಂದು ಹಲಗೆಗೆ 750×450 ಮಿ.ಮೀ. ತುಂಡು ಬೇಕೆಂದಿಟ್ಟುಕೊಳ್ಳೋಣ. ಎಂಟಡಿ ನಾಲ್ಕಡಿ ಹಾಳೆ ಎಂದರೆ 2440×1220 ಮಿ.ಮೀ. ತುಂಡುಗಳೆಲ್ಲವನ್ನೂ ಒಂದೇ ದಿಕ್ಕಿಗೆ, ಉದ್ದಕ್ಕೆ ಉದ್ದ ಮಲಗಿಸಿದರೆ ಉದ್ದಕ್ಕೆ ಮೂರು, ಅಡ್ಡಕ್ಕೆ ಎರಡು, ಒಟ್ಟು ಆರು ದೊರೆಯುತ್ತವೆ. ಅದರ ಬದಲು ಹಾಳೆಯನ್ನು ಮೊದಲು ಉದ್ದಕ್ಕೆ 750 ಮತ್ತು 450 ಅಗಲದ ಎರಡು ಪಟ್ಟಿಗಳಾಗಿ ಸೀಳಬೇಕು. ಅಗಲ ಪಟ್ಟಿಯಲ್ಲಿ 450ರಂತೆ ಐದು, ಕಿರಿದರಲ್ಲಿ 750ರಂತೆ ಮೂರು, ಒಟ್ಟು ಎಂಟು ತುಂಡುಗಳು ಬರುತ್ತವೆ. ಹಾಳೆಯ ಬಳಕೆ ಶೇ. 68ರಿಂದ ಶೇ. 90ರ ಮೇಲಕ್ಕೆ ಏರುತ್ತದೆ. ಎಲ್ಲ ಕಡಿತಗಳೂ ಅಂಚಿನಿಂದ ಅಂಚಿಗೆ ನೇರವಾಗಿರುವುದರಿಂದ ಸಾಮಾನ್ಯ ಶಿಯರಿಂಗ್ ಯಂತ್ರವೇ ಸಾಕು, ಲೇಸರ್ ಬೇಕಿಲ್ಲ. ತುದಿಯಲ್ಲಿ ಮಿಕ್ಕುವ 190 ಮಿ.ಮೀ. ಅಗಲದ ತುಂಡು ಸಣ್ಣಪುಟ್ಟ ಬಿಲ್ಲೆಗಳಿಗೆ ಒದಗುತ್ತದೆ.

ಗಿರಾಕಿಯೊಬ್ಬರು ಹಲಗೆ ಇನ್ನೊಂದು ಇಂಚು ಹೆಚ್ಚು ಚಾಚಲಿ ಎಂದು ಕೇಳಿದರೆ ಒಪ್ಪಿಕೊಳ್ಳುವ ಮುನ್ನ ಇದೇ ಲೆಕ್ಕವನ್ನು ಮಾಡಿ ನೋಡಬೇಕು. ತುಂಡು 475 ಆದರೆ 750ರೊಂದಿಗೆ ಸೇರಿ 1225 ಆಗುತ್ತದೆ. ಹಾಳೆಯ ಅಗಲ 1220 ಮಾತ್ರ. ಐದು ಮಿ.ಮೀ. ಸಾಲದೆ ಎಂಟು ಹಲಗೆಗಳು ಮತ್ತೆ ಆರಕ್ಕೆ ಇಳಿಯುತ್ತವೆ. ಮಾದರಿಯನ್ನು ಬಾಗಿಲಿನ ಅಳತೆಗೆ ಮಾತ್ರ ನೋಡಿ ಬರೆದು, ಹಾಳೆಯ ಅಳತೆಗೆ ನೋಡದೆ ಬೆಲೆ ಹೇಳಿದವರಿಗೆ ಈ ನಷ್ಟ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ.

ಹಲಗೆಯನ್ನು ಎಲ್ಲ ವಾಹನಗಳಿಗೂ ಒಂದೇ ಅಳತೆಯಲ್ಲಿ ಮಾಡಿ ದಾಸ್ತಾನು ಇಡುವುದು, ವಾಹನಕ್ಕೆ ತಕ್ಕಂತೆ ಚೌಕಟ್ಟಿನ ತೂತುಗಳನ್ನು ಮಾತ್ರ ಬದಲಿಸುವುದು ಲೇಸು. ತೂತುಗಳ ಜಾಗ ತಪ್ಪದಂತೆ ಪ್ರತಿ ವಾಹನಕ್ಕೂ ಒಂದು ಡ್ರಿಲ್ ಜಿಗ್ ಮಾಡಿಸಿಟ್ಟುಕೊಂಡರೆ ಕೂಡಿಸುವ ಹೊತ್ತಿನ ರಗಳೆ ಬಹಳ ಕಡಿಮೆಯಾಗುತ್ತದೆ. ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿ ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂಥ ಉಪಕರಣ ವಿದ್ಯೆಗೇ ಮೀಸಲಾದ ಸಂಸ್ಥೆ. ಅಲ್ಲಿ ತರಬೇತಾದ ಯುವಕರು ಸುತ್ತಲಿನ ಕಾರ್ಖಾನೆಗಳಲ್ಲಿ ದೊರೆಯುತ್ತಾರೆ.

ಚಿಲಕ, ಉರಿ, ಅನಿಲ

ಮಡಿಸಿದ ಹಲಗೆಗೆ ಅಯಸ್ಕಾಂತದ ಚಿಲಕ ಬೇಡ. ಹಠಾತ್ತನೆ ಬ್ರೇಕ್ ಹಾಕಿದಾಗ ಅಥವಾ ಅಪಘಾತದಲ್ಲಿ ಬಿಚ್ಚಿಕೊಂಡ ಹಲಗೆ ಹಿಂದಿನ ಸೀಟಿನವರ ಕುತ್ತಿಗೆಯ ಮಟ್ಟಕ್ಕೆ ಬರುತ್ತದೆ. ಎಳೆದು ಬಿಗಿಯುವ ಎರಡು ಚಿಲಕಗಳು ಮತ್ತು ನಡುವೆ ರಬ್ಬರ್ ಬೀಡಿಂಗ್ ಇದ್ದರೆ ಕಟಕಟ ಸದ್ದೂ ನಿಲ್ಲುತ್ತದೆ. ಒಲೆಯನ್ನು ವಾಹನದ ದೇಹದಿಂದ ದೂರವಿರುವ ತುದಿಯಲ್ಲಿ, ಬಾಗಿಲಿನ ಗಾಜಿಗೆ ತಾಗದಂತೆ ಇಡಬೇಕು. ಆ ಜಾಗವನ್ನು ಹಲಗೆಯ ಮೇಲೆಯೇ ಗೆರೆ ಕೊರೆದು ತೋರಿಸುವುದು ಒಳ್ಳೆಯದು. ಅನಿಲದ ಸಿಲಿಂಡರು ಹಲಗೆಯ ಮೇಲೂ ಬೇಡ, ವಾಹನದ ಒಳಗೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ಡಿಕ್ಕಿಯ ನೆಲದಲ್ಲಿ ನಿಂತುಬಿಡುತ್ತದೆ.

ಕಾನೂನು ಮತ್ತು ತೆರಿಗೆ

ಮೋಟಾರು ವಾಹನಗಳ ಕಾಯ್ದೆ 1988ರ 52ನೆಯ ಪ್ರಕರಣವು ತಯಾರಕರು ಮೂಲತಃ ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಆದ್ದರಿಂದ ಹಲಗೆಯು ಬೋಲ್ಟ್ ಬಿಚ್ಚಿ ತೆಗೆಯುವಂತಿರಬೇಕು, ಬಾಗಿಲಿನ ಬೀಗ, ದೀಪ, ಸಂಖ್ಯಾಫಲಕ ಇವುಗಳನ್ನು ಮುಟ್ಟಬಾರದು, ಮುಚ್ಚಿದಾಗ ಹೊರಕ್ಕೆ ಕಾಣಲೂಬಾರದು. ತೂತು ಕೊರೆದ ಬಾಗಿಲಿನ ತುಕ್ಕಿನ ವಾರಂಟಿಯನ್ನು ವಾಹನ ಕಂಪನಿ ನಿರಾಕರಿಸಬಹುದೆಂಬುದನ್ನು ಕೊಳ್ಳುವವರಿಗೆ ಮೊದಲೇ ಹೇಳಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯತಕ್ಕದ್ದು.

ಸಣ್ಣ ತಯಾರಕರು ಹೆಚ್ಚು ಎಚ್ಚರ ವಹಿಸಬೇಕಾದುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ವಿಷಯದಲ್ಲಿ. 2020ರ ಜುಲೈನಿಂದ ಜಾರಿಯಲ್ಲಿರುವ ಈ ಕಾಯ್ದೆಯು ಉತ್ಪನ್ನದ ಹೊಣೆಗಾರಿಕೆಯನ್ನು ತಯಾರಕನ ಮೇಲೆ ಹೊರಿಸಿದೆ. ತಯಾರಿಕೆಯ ದೋಷ ಮಾತ್ರವಲ್ಲ, ವಿನ್ಯಾಸದ ದೋಷವೂ, ಸಾಕಷ್ಟು ಎಚ್ಚರಿಕೆ ಕೊಡದಿರುವುದೂ ಹೊಣೆಗೆ ಕಾರಣವಾಗುತ್ತದೆ. ಹಲಗೆಯ ಮೇಲೆ ‘ಗರಿಷ್ಠ ಭಾರ 10 ಕಿ.ಗ್ರಾಂ., ಕೈಯೂರಬೇಡಿ, ಬಾಗಿಲಿನ ತಡೆಪಿನ್ ಹಾಕಿದ ಮೇಲೆಯೇ ಬಳಸಿ’ ಎಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಳಿಸದಂತೆ ಅಚ್ಚು ಹಾಕುವುದಕ್ಕೆ ಆಗುವ ಖರ್ಚು ಅಲ್ಪ. ಅಭಯಾರಣ್ಯದೊಳಗೆ ಬೆಂಕಿ ಹೊತ್ತಿಸುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಂತೆ ನಿಷಿದ್ಧವೆಂಬ ಒಂದು ಸಾಲನ್ನೂ ಸೂಚನಾಪತ್ರದಲ್ಲಿ ಸೇರಿಸಬೇಕು.

ತೆರಿಗೆಯಲ್ಲಿ ಒಂದು ತೊಡಕು ಸಡಿಲವಾಗಿದೆ. 8708ರ ಅಡಿ ವಾಹನದ ಬಿಡಿಭಾಗವೆಂದರೆ ಶೇ. 28, 9403ರ ಅಡಿ ಪೀಠೋಪಕರಣವೆಂದರೆ ಶೇ. 18 ಎಂಬ ವ್ಯತ್ಯಾಸ ಹಿಂದೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿ.ಎಸ್.ಟಿ. ದರವೂ ಶೇ. 18ಕ್ಕೆ ಇಳಿದಿದೆ. ಆದರೂ ಬಿಲ್ಲಿನಲ್ಲಿ ಯಾವ ಸಂಕೇತ ಬರೆಯಬೇಕೆಂಬುದನ್ನು ಮೊದಲ ಸರಕು ಹೊರಡುವ ಮುನ್ನವೇ ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳುವುದು ಉಚಿತ.

ಪರೀಕ್ಷೆ

ಮೊದಲ ಮಾದರಿಯನ್ನು ವಾಹನಕ್ಕೆ ಹಾಕುವ ಮುನ್ನ ಶೆಡ್ಡಿನ ಗೋಡೆಗೆ ಹಿಡಿಸಿದ ಮರದ ದಿಮ್ಮಿಗೆ ಬೋಲ್ಟ್ ಮಾಡಿ, ಹೊರ ಮೂಲೆಯೊಂದರಲ್ಲಿ 60 ಕಿ.ಗ್ರಾಂ. ಮರಳಿನ ಚೀಲವನ್ನು ಒಂದು ರಾತ್ರಿ ನೇತುಹಾಕಿ ನೋಡಬೇಕು. ಬೆಳಿಗ್ಗೆ ಚೀಲ ಇಳಿಸಿದ ಮೇಲೆ ಹಲಗೆ ಮೊದಲಿನ ಮಟ್ಟಕ್ಕೆ ಮರಳದಿದ್ದರೆ ಕೀಲು, ತಂತಿಯ ಕೊಂಡಿ, ಚೌಕಟ್ಟಿನ ವೆಲ್ಡಿಂಗ್ ಈ ಮೂರರಲ್ಲಿ ಯಾವುದು ಸೋತಿದೆ ಎಂದು ಪರಿಶೀಲಿಸಬೇಕು. ಆನಂತರ ವಾಹನಕ್ಕೆ ಕೂಡಿಸಿ, ಬೋಲ್ಟಿನ ತಲೆಗೂ ಚೌಕಟ್ಟಿಗೂ ಸೇರುವಂತೆ ಬಣ್ಣದ ಗೆರೆ ಎಳೆದು, ಕೆಟ್ಟ ರಸ್ತೆಯಲ್ಲಿ ಇನ್ನೂರು ಕಿಲೋಮೀಟರು ಓಡಿಸಿ ತರಬೇಕು. ಗೆರೆ ಮುರಿದಿದ್ದರೆ ಆ ಬೋಲ್ಟು ಸಡಿಲವಾಗಿದೆ ಎಂದರ್ಥ. ಅಲ್ಲಿ ನೈಲಾಕ್ ನಟ್ ಬಳಸಿ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಜೆ.ಸಿ. ರಸ್ತೆಯ ಅಂಗಡಿಗಳ ಮೂಲಕ ಮಾರುವವರು ಕೂಡಿಸುವ ಹುಡುಗರಿಗೂ ಇದೇ ಗೆರೆ ಎಳೆಯುವ ಅಭ್ಯಾಸವನ್ನು ಕಲಿಸಿ, ಒಂದು ತಿಂಗಳ ನಂತರ ಗಿರಾಕಿಯನ್ನು ಕರೆಸಿ ಬೋಲ್ಟುಗಳನ್ನು ಉಚಿತವಾಗಿ ಬಿಗಿಮಾಡಿಕೊಡುವ ಏರ್ಪಾಡನ್ನು ಬೆಲೆಯಲ್ಲಿಯೇ ಸೇರಿಸತಕ್ಕದ್ದು.